ಸೊನ್ನೆ ಗೆರೆಯ ಮೇಲೊಂದು ಓಕುಳಿ

ಹೊನ್ನಾವರ ಕಡೆಯ ಓದುಗರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಬರೆಯುತ್ತಾರೆ: “ನನ್ನ ಮಗ ಮರ್ಚೆಂಟ್ ನೇವಿಯಲ್ಲಿ ಕೆಡೆಟ್. ಹಡಗು ಭೂಮಧ್ಯರೇಖೆ ದಾಟಿದ ದಿನ ಸೀನಿಯರುಗಳು ಅವನ ತಲೆಯನ್ನು ಅಲ್ಲಲ್ಲಿ ಬೋಳಿಸಿ, ಮೈಗೆ ಗ್ರೀಸು ಬಳಿದು, ಮುಸುರೆ ಸುರಿದು, ಸಮುದ್ರರಾಜನ ವೇಷ ಹಾಕಿದ್ದ ಅಡುಗೆಯವನ ಕಾಲಿಗೆ ಬೀಳಿಸಿದರಂತೆ. ರೇಖೆ ದಾಟಿದ್ದಕ್ಕೆ ಅವರು ಕೊಟ್ಟ ಸರ್ಟಿಫಿಕೇಟನ್ನು ಇವನು ಲ್ಯಾಮಿನೇಷನ್ ಬೇರೆ ಮಾಡಿಸಿಕೊಂಡು ಬಂದಿದ್ದಾನೆ! ಇದು ರ್‍ಯಾಗಿಂಗ್ ಅಲ್ಲವೇ? ನೀವು ಕಳೆದ ಸಂಚಿಕೆಯಲ್ಲಿ ಇದನ್ನು ‘ನಾವಿಕರ ಮೋಜು’ ಎಂದು ಬರೆದದ್ದು ಸರಿಯೇ? ಫೋಟೊ ಲಗತ್ತಿಸಿದ್ದೇನೆ.”

ಅಮ್ಮಾ, ಹೆತ್ತವರ ಸಿಟ್ಟಿಗೆ ನಾನು ಎದುರಾಡುವವನಲ್ಲ. ಮೊದಲ ಸಲ ರೇಖೆ ದಾಟುವವರಿಗೆ ಮಾಡುವ ಈ ಆಟ ಮಿತಿಮೀರಿದ್ದೂ ಉಂಟು. 1995ರಲ್ಲಿ ಆಸ್ಟ್ರೇಲಿಯಾದ ಒನ್‌ಸ್ಲೋ ಎಂಬ ಸಬ್‌ಮೆರೀನಿನಲ್ಲಿ ನಡೆದದ್ದರ ವಿಡಿಯೊ ಹೊರಬಿದ್ದು ದೊಡ್ಡ ಗದ್ದಲವಾಯಿತು. ಒಲ್ಲೆ ಎಂದವನನ್ನು ಬಿಟ್ಟುಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನೀವು ಕಳಿಸಿದ ಫೋಟೊವನ್ನು ನೀವೇ ಸರಿಯಾಗಿ ನೋಡಿದಿರಾ? ಇಲಿ ಕಚ್ಚಿದಂತಾದ ತಲೆ, ಕಿವಿಯ ಸಂದಿನಲ್ಲಿ ಅನ್ನದ ಅಗುಳು, ಕಣ್ಣು ಮುಚ್ಚಿಹೋಗುವಷ್ಟು ನಗು. ಹಿಂದೆ ನಿಂತ ಬಿಳಿ ಗಡ್ಡದ ಹಿರಿಯರನ್ನೂ ನೋಡಿ, ಅವರ ಅಂಗಿಯೂ ಒದ್ದೆ, ಮೂಗಿನ ಮೇಲೂ ಗ್ರೀಸು. ನನ್ನ ವಾದವೆಲ್ಲ ಆ ಒದ್ದೆ ಅಂಗಿಯ ಮೇಲೆ ನಿಂತಿದೆ.

ನಿಮ್ಮ ಮಗನಿಗೆ ಆದದ್ದು ಚಾರ್ಲ್ಸ್ ಡಾರ್ವಿನ್‌ಗೂ ಆಗಿತ್ತು. 1832ರ ಫೆಬ್ರವರಿ 17, ಬೀಗಲ್ ಹಡಗು. ಇಪ್ಪತ್ಮೂರು ತುಂಬಿ ಐದು ದಿನವಾಗಿತ್ತಷ್ಟೆ. ಹೊಸಬರು 32 ಮಂದಿ, ಮೊದಲ ಸರದಿ ಇವನದೇ. ಕಣ್ಣಿಗೆ ಬಟ್ಟೆ ಕಟ್ಟಿ ಎಳೆದೊಯ್ದು, ಹಲಗೆಯ ಮೇಲೆ ಕೂರಿಸಿ, ಮುಖಕ್ಕೂ ಬಾಯಿಗೂ ಡಾಂಬರು, ಬಣ್ಣ ಮೆತ್ತಿ, ಪೀಪಾಯಿಯ ಕಬ್ಬಿಣದ ಪಟ್ಟಿಯಿಂದ ‘ಕ್ಷೌರ’ ಮಾಡಿ, ತಲೆಕೆಳಗಾಗಿ ನೀರಿಗೆ ಕೆಡವಿದರು. ಸಾಕಷ್ಟು ಅಹಿತಕರ ಅನುಭವ ಎಂದು ಡೈರಿಯಲ್ಲಿ ಗೊಣಗಿದ ಡಾರ್ವಿನ್ ಅಲ್ಲೇ ಇನ್ನೊಂದು ಮಾತನ್ನೂ ಬರೆದಿಟ್ಟ: ಹಡಗಿಡೀ ನೀರೆರಚಾಟ, ಕ್ಯಾಪ್ಟನ್ ಸಮೇತ ಒಬ್ಬರೂ ತೋಯದೆ ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಅದೇ ಕ್ಯಾಪ್ಟನ್ ಫಿಟ್ಜ್‌ರಾಯ್‌ಗೆ ಎಲ್ಲರೂ ಸೆಲ್ಯೂಟ್ ಹೊಡೆಯಬೇಕು, ನೆನಪಿರಲಿ.

ಹಾಸ್ಟೆಲಿನ ರ್‍ಯಾಗಿಂಗಿನಲ್ಲಿ ಸೀನಿಯರಿನ ಶರ್ಟು ಒದ್ದೆಯಾದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಎರಡಕ್ಕೂ ಒಂದೇ ಹೆಸರಿಟ್ಟರೆ ಹೇಗೆ?

ತಪ್ಪಿಸಿಕೊಂಡವರೂ ಇದ್ದರು ಬಿಡಿ. 1768ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಎಂಡೆವರ್ ಹಡಗು ರೇಖೆ ದಾಟಿದಾಗ ಮುಳುಗಿಸಬೇಕಾದವರ ಪಟ್ಟಿಯಲ್ಲಿ ನಾಯಿ ಬೆಕ್ಕುಗಳೂ ಇದ್ದವು, ಸ್ವತಃ ಕುಕ್ಕೂ ಇದ್ದ! ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ತನಗೆ, ತನ್ನ ಆಳುಗಳಿಗೆ, ನಾಯಿಗಳಿಗೆ ಸೇರಿಸಿ ಬ್ರಾಂದಿ ಕೊಟ್ಟು ಬಚಾವಾದ. ನಾಲ್ಕು ದಿನದ ವೈನ್ ಪಾಲು ಬಿಟ್ಟುಕೊಟ್ಟು ಪಾರಾದವರು ಬೇಕಾದಷ್ಟು ಮಂದಿ. ಉಳಿದವರನ್ನು ಹಗ್ಗಕ್ಕೆ ಕಟ್ಟಿ ಮೂರು ಮೂರು ಸಲ ಕಡಲಿಗೆ ಅದ್ದಿದರು. ಲಂಚ ಕೊಟ್ಟವನಿಗೆ ಕಥೆ ಉಳಿಯಲಿಲ್ಲ, ತೋಯ್ದವನಿಗೆ ಉಳಿಯಿತು.

ಇದಕ್ಕೂ ಹಿಂದೆ, 1529ರಲ್ಲಿ, ಸುಮಾತ್ರಾಕ್ಕೆ ಹೊರಟ ಫ್ರೆಂಚ್ ಹಡಗೊಂದರಲ್ಲಿ ರೇಖೆ ದಾಟಿದ ಸುಮಾರು ಐವತ್ತು ಮಂದಿಗೆ ‘ನೈಟ್’ ಪದವಿ ಕೊಟ್ಟು ಮೀನಿನೂಟ ಹಾಕಿದ್ದರು. ಅಂದರೆ ಇದು ನಿನ್ನೆ ಮೊನ್ನೆಯ ಪುಂಡಾಟವಲ್ಲ. ನಿಮ್ಮ ಪಕ್ಕದ ಕಾರವಾರದಿಂದಲೇ 2025ರ ಏಪ್ರಿಲ್ 5ರಂದು ನಮ್ಮ ನೌಕಾಪಡೆಯ ಐಎನ್‌ಎಸ್ ಸುನಯನಾ 9 ದೇಶಗಳ 44 ನಾವಿಕರನ್ನು ಹತ್ತಿಸಿಕೊಂಡು ರೇಖೆಯಾಚೆಯ ಟಾಂಜಾನಿಯಾದ ದಾರ್ ಎಸ್ ಸಲಾಮ್ ಕಡೆಗೆ ಹೊರಟಿತ್ತು. ಭಾಷೆ ಬೇರೆ, ಊಟ ಬೇರೆ, ಸಮವಸ್ತ್ರ ಬೇರೆ. ಇಂಥವರು ಒಂದಾಗಲು ಸ್ವಾಗತ ಭಾಷಣ ಸಾಕೇ?

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಅಚ್ಚಿನ ಮೊಳೆ ಜೋಡಿಸುವ ಕಾಲದ ಪ್ರೆಸ್ಸಿಗೆ ನಾನು ಕೆಲಸಕ್ಕೆ ಸೇರಿದ ದಿನ ಫೋರ್‌ಮನ್ನು ಗಂಭೀರವಾಗಿ, “ಸೊನ್ನೆ ಮೊಳೆ ಬಂದಿದೆ, ಒಳಗಿನ ತೂತು ಬಂದಿಲ್ಲ. ಪಕ್ಕದ ಬೀದಿಯ ಪ್ರೆಸ್ಸಿನಲ್ಲಿ ಅರ್ಧ ಸೇರು ಇಸ್ಕೊಂಡು ಬಾ” ಎಂದರು. ಹೋದೆ. ಅವರು “ನಮ್ಮಲ್ಲೂ ಖಾಲಿ” ಎಂದು ಮತ್ತೊಂದು ಪ್ರೆಸ್ಸಿಗೆ ಅಟ್ಟಿದರು, ಅವರು ಇನ್ನೊಂದಕ್ಕೆ. ಕೊನೆಯ ಪ್ರೆಸ್ಸಿನ ಮುದುಕ ಎದುರು ಹೋಟೆಲಿನಿಂದ ಉದ್ದಿನ ವಡೆ ತರಿಸಿ, ಕೈಗಿಟ್ಟು, “ತಗೋ, ತೂತು ಇದರಲ್ಲಿದೆ. ಸುತ್ತ ಇರೋದನ್ನ ತಿಂದು ಬರೀ ತೂತು ಒಯ್ಯಿ” ಎಂದ. ಅವಮಾನದಿಂದ ಕಣ್ಣಲ್ಲಿ ನೀರು ಬಂದಿತ್ತು. ಸಂಜೆಯ ಹೊತ್ತಿಗೆ ನಾಲ್ಕು ಪ್ರೆಸ್ಸಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು.

ಈಗ ನಮ್ಮ ಕಚೇರಿಗೆ ಬರುವ ಹುಡುಗರಿಗೆ ಸಿಗುವುದು ಕೊರಳಿಗೊಂದು ಪಟ್ಟಿ, ಒಂದು ಪಾಸ್‌ವರ್ಡು, ‘ಸ್ವಾಗತ’ ಎಂಬ ಇಮೇಲು. ಆರು ತಿಂಗಳಾದರೂ ಪಕ್ಕದ ಮೇಜಿನವನ ಊರು ಯಾವುದೆಂದು ಗೊತ್ತಿರುವುದಿಲ್ಲ. ಮದುವೆಗಳಾದರೂ ಏನು? ಬೀಗರ ಶಲ್ಯ ಒದ್ದೆಯಾಗದೆ ಓಕುಳಿ ಮುಗಿಯುತ್ತಿರಲಿಲ್ಲ. ಈಗ ಅರಿಸಿನ ಶಾಸ್ತ್ರಕ್ಕೆ ಎಲ್ಲರಿಗೂ ಹಳದಿ ಬಟ್ಟೆ, ನಾಲ್ಕು ಕ್ಯಾಮೆರಾ. ಅರಿಸಿನ ಮಾತ್ರ ಕೆನ್ನೆಗೆ ತಾಗಕೂಡದು, ಮೇಕಪ್ಪು ಹಾಳಾಗುತ್ತದೆ! ಕೊಳೆಯಾಗದ, ಒದ್ದೆಯಾಗದ, ಯಾರ ಮುಂದೆಯೂ ಪೆಚ್ಚಾಗದ ಶಾಸ್ತ್ರಗಳನ್ನು ಮಾಡಿಕೊಂಡು, ಜನರಲ್ಲಿ ಸಲಿಗೆಯೇ ಉಳಿದಿಲ್ಲ ಎಂದು ನನಗೆ ಪತ್ರ ಬರೆಯುವವರೂ ನೀವೇ.

ಹಾಂ, ಆ ಸರ್ಟಿಫಿಕೇಟನ್ನು ಜೋಪಾನವಾಗಿಡಿ. ಕಳೆದುಹೋದರೆ ಮುಂದಿನ ಹಡಗಿನವರು ನಂಬುವುದಿಲ್ಲ, ಮತ್ತೆ ತಲೆ ಬೋಳಿಸುತ್ತಾರೆ. ಎಷ್ಟೋ ಹಡಗುಗಳಲ್ಲಿ ಹೊಸಬನಿಗೆ ಅದರಲ್ಲಿ ಒಂದು ಜಲಚರದ ಹೆಸರನ್ನೂ ಇಟ್ಟಿರುತ್ತಾರೆ. ನಿಮ್ಮ ಮಗ ಬಂಗಡೆಯೋ ತಾರ್ಲೆಯೋ, ಓದಿ ನೋಡಿ ಒಂದು ಕಾರ್ಡು ಹಾಕಿ.

– ಸಂ.