ಪಲ್ಪರ್ ಗುಂಡಿಯ ನಾತ ಮತ್ತು ಮಗಳ ಓದು: ಎರಡಕ್ಕೂ ಒಂದೇ ಉತ್ತರ

ಮೂಡಿಗೆರೆ ಅಣ್ಣನವರಿಗೆ ನಮಸ್ಕಾರ. ನೀವು ಎರಡು ವಿಷಯ ಕೇಳಿದ್ದೀರಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಕೊಳೆ ನೀರು ನಿಲ್ಲುವ ಗುಂಡಿ ನಾರುತ್ತಿದೆ, ಕೆಳಗಿನ ಗದ್ದೆಯವರು ತಕರಾರು ಎತ್ತಿದ್ದಾರೆ, ಸುಣ್ಣ ಎಷ್ಟು ಹಾಕಬೇಕು ಅನ್ನೋದು ಒಂದು. ಸಿವಿಲ್ ಓದಿರುವ ಮಗಳು ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡ್ತೀನಿ ಅಂತಿದ್ದಾಳೆ, ಕೊಳಚೆ ನೀರು, ಮಾಲಿನ್ಯ ನಿವಾರಣೆ, ಜೀವನಚಕ್ರ ಮೌಲ್ಯಮಾಪನ ಅಂತೆಲ್ಲ ಹೇಳ್ತಾಳೆ, ತೋಟದವರಿಗೆ ಇದರಿಂದ ಏನು ಅನ್ನೋದು ಇನ್ನೊಂದು. ನಾನು ಓದಿದ್ದು ಅದನ್ನೇ. ಕೆಲವು ವರ್ಷ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡಿ, ಈಗ ಬಾಳೆಹೊನ್ನೂರಿನ ಹತ್ತಿರ ತೋಟ ನೋಡಿಕೊಳ್ಳುತ್ತಿದ್ದೇನೆ. ಮಗಳ ಪುಸ್ತಕದಲ್ಲಿ ಇರೋದೆಲ್ಲ ನಿಮ್ಮ ಗುಂಡಿಯಲ್ಲೇ ಇದೆ. ಅದಕ್ಕೇ ಗುಂಡಿಯಿಂದ ಶುರು ಮಾಡ್ತೀನಿ.

ಪಲ್ಪರ್ ನೀರಲ್ಲಿ ಇರೋದು ಮುಖ್ಯವಾಗಿ ಹಣ್ಣಿನ ಸಕ್ಕರೆ ಮತ್ತು ಲೋಳೆ. ಹಾಗಿದ್ದರೂ ಹಳ್ಳದ ಮೀನು ಯಾಕೆ ಸಾಯುತ್ತದೆ? ಆ ಸಕ್ಕರೆ ತಿನ್ನಲು ಬರುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಎಷ್ಟು ಎಳೆಯುತ್ತವೆ ಅನ್ನೋ ಅಳತೆಗೆ ಬಿಒಡಿ ಅಂತಾರೆ. ಮನೆಗಳ ಚರಂಡಿ ನೀರಿನ ಬಿಒಡಿ ಲೀಟರಿಗೆ ಸುಮಾರು 200-300 ಮಿಲಿಗ್ರಾಂ. ಪಲ್ಪರ್ ನೀರಿನದು ಸಾವಿರಗಳಲ್ಲಿ ಇರುತ್ತದೆ. 8,000 ಅಂದುಕೊಳ್ಳಿ. ಒಳ್ಳೆಯ ಹಳ್ಳದ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಇದ್ದರೆ ಹೆಚ್ಚು. ಅಂದರೆ ಒಂದು ಲೀಟರ್ ಪಲ್ಪರ್ ನೀರು ಸಾವಿರ ಲೀಟರ್ ಹಳ್ಳದ ನೀರಿನ ಉಸಿರು ತೆಗೆಯುತ್ತದೆ. ಅದೂ ಡಿಸೆಂಬರ್, ಜನವರಿಯಲ್ಲಿ, ಹಳ್ಳ ಸೊರಗಿ ಸಣ್ಣಗೆ ಹರಿಯುವಾಗ.

ನಾನು ಊರಿಗೆ ಬಂದ ಮೊದಲ ವರ್ಷ ನಮ್ಮ ಗುಂಡಿಯ ಏರಿ ರಾತ್ರಿ ಒಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಹಳ್ಳ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಸಣ್ಣ ಮೀನುಗಳು ಅಂಚಿಗೆ ಬಂದು ಬಾಯಿ ಮೇಲೆತ್ತಿ ಗಾಳಿಗೆ ಒದ್ದಾಡುತ್ತಿದ್ದವು. ವಾರದೊಳಗೆ ಕಲ್ಲುಗಳ ಮೇಲೆಲ್ಲ ಹತ್ತಿಯಂಥ ಬಿಳಿ ಲೋಳೆ ಕಟ್ಟಿತು. ಕೆಳಗಿನ ಮನೆಯ ಅಜ್ಜಿ, "ದನ ಮೂತಿ ಇಟ್ಟು ಹಾಗೇ ತಿರುಗಿಸ್ತದೆ ಮಾರಾಯ" ಅಂದರು. ನನಗೆ ಇವತ್ತಿಗೂ ಆ ಮಾತು ಚುಚ್ಚುತ್ತದೆ. ನಿಮ್ಮ ಗದ್ದೆಯವರ ಮಾತನ್ನು ತಕರಾರು ಅಂದುಕೊಳ್ಳಬೇಡಿ ಅಣ್ಣಾ. ಮೊದಲು ಹೋಗಿ ಅವರ ಹತ್ತಿರ ಮಾತಾಡಿ ಬನ್ನಿ.

ಸುಣ್ಣದ ಪ್ರಮಾಣ ನಾನು ಇಲ್ಲಿಂದ ಹೇಳಿದರೆ ತಪ್ಪಾಗುತ್ತದೆ. ಪ್ರತಿ ತೋಟದ ನೀರೂ ಬೇರೆ. ಒಂದು ಬಕೆಟ್‌ನಲ್ಲಿ 10 ಲೀಟರ್ ಗುಂಡಿ ನೀರು ತೆಗೆದುಕೊಳ್ಳಿ. ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿದರೆ 4ರ ಆಸುಪಾಸು ತೋರಿಸಬಹುದು, 7 ಅಂದರೆ ಹುಳಿ ಇಲ್ಲ ಅಂತ. ಅರಳಿಸಿದ ಸುಣ್ಣವನ್ನು ತೂಗಿ, ನೀರಲ್ಲಿ ಕದಡಿ, ಸ್ವಲ್ಪ ಸ್ವಲ್ಪವೇ ಹಾಕಿ ಚೆನ್ನಾಗಿ ಕಲಕಿ. 7ಕ್ಕೆ ಬಂದಾಗ ಎಷ್ಟು ಗ್ರಾಂ ಖರ್ಚಾಯಿತು ಅಂತ ಬರೆದಿಡಿ. ಅದನ್ನೇ ಗುಂಡಿಯ ಅಳತೆಗೆ ಗುಣಿಸಿ. ಸುಣ್ಣ ಹಾಕಿದ ಮಾತ್ರಕ್ಕೆ ನೀರು ಶುದ್ಧವಾಗಲ್ಲ, ಇದು ನೆನಪಿರಲಿ. ಹುಳಿ ಹೋಗುತ್ತದೆ, ಸಕ್ಕರೆ ಹಾಗೇ ಇರುತ್ತದೆ. ಸಕ್ಕರೆ ತಿಂದು ಗ್ಯಾಸ್ ಮಾಡುವ ಜೀವಿಗಳು ಹುಳಿಯಲ್ಲಿ ಬದುಕಲ್ಲ, ಅವಕ್ಕೆ 7ರ ಹತ್ತಿರ ಬೇಕು. ಅದಕ್ಕಾಗಿ ಸುಣ್ಣ. ಜೊತೆಗೆ ನಡೆಯುತ್ತಿರುವ ಗೋಬರ್ ಗ್ಯಾಸ್ ಗುಂಡಿಯ ಬಗ್ಗಡ ಒಂದೆರಡು ಡ್ರಂ ಸುರಿಯಿರಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಅದಕ್ಕಿಂತ ಮೊದಲು ನೀರನ್ನೇ ಕಡಿಮೆ ಮಾಡಿ. ಪಲ್ಪಿಂಗ್ ನೀರನ್ನು ಜಾಲರಿಯಲ್ಲಿ ಸೋಸಿ ಅದೇ ದಿನ ಮತ್ತೆ ಪಲ್ಪರಿಗೆ ಬಿಡಿ, ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು. ರಾತ್ರಿ ಉಳಿಸಿ ಬಳಸಬೇಡಿ, ಹುಳಿ ನೀರು ಕಾಫಿಯ ರುಚಿ ಕೆಡಿಸುತ್ತದೆ. ಸಿಪ್ಪೆ ಗುಂಡಿಗೆ ಬೀಳಲೇಬಾರದು, ಅದು ಗೊಬ್ಬರಕ್ಕೆ ಹೋಗಲಿ. ಗುಂಡಿಗೆ ತಳಹಾಸು ಇಲ್ಲದಿದ್ದರೆ ಬಾವಿಗೆ ಇಳಿಯುತ್ತದೆ. ಮೊದಲ ಗುಂಡಿ ಆಳವಾಗಿರಲಿ, ಮೂರು ವಾರವಾದರೂ ನೀರು ಅಲ್ಲಿ ನಿಲ್ಲಲಿ. ಎರಡನೆಯದು ಬಿಸಿಲು ಗಾಳಿ ಆಡುವಂತೆ ತೆಳುವಾಗಿ, ಅಗಲವಾಗಿ. ನೀರಿನ ಕಾಯ್ದೆ ಬಂದಿದ್ದು 1974ರಲ್ಲಿ. ಈಗಿನ ಸಾಮಾನ್ಯ ಮಾನದಂಡದ ಪ್ರಕಾರ ಹಳ್ಳ, ಹೊಳೆಗೆ ಬಿಡಬೇಕಾದರೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ನೀರಾವರಿಗೆ ನೆಲಕ್ಕೆ ಬಿಡಲು 100. ಹಳ್ಳದ ಯೋಚನೆ ಬಿಟ್ಟುಬಿಡಿ, ತೋಟಕ್ಕೇ ತಿರುಗಿಸುವ ಲೆಕ್ಕ ಹಾಕಿ.

ಇನ್ನೊಂದು ಮಾತು ದಯವಿಟ್ಟು ಆಳುಗಳಿಗೂ ಹೇಳಿ. ಮುಚ್ಚಿದ ಗುಂಡಿ, ತೊಟ್ಟಿ ಖಾಲಿ ಮಾಡಿದ ಮೇಲೆ ಕ್ಲೀನ್ ಮಾಡಲು ಯಾರೂ ಒಳಗೆ ಇಳಿಯಬಾರದು. ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಜಾಸ್ತಿ ಆದಾಗ ಮೂಗಿಗೆ ವಾಸನೆಯೇ ತಿಳಿಯಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದರೆ ಇಬ್ಬರೂ ಹೋಗ್ತಾರೆ.

ಈಗ ಮಗಳ ವಿಷಯ. ಗುಂಡಿಯಲ್ಲಿ ಗುಳ್ಳೆ ಏಳುತ್ತಿದೆ, ನೀರು ತಿಳಿಯಾಗುತ್ತಿದೆ, ಕೆಲಸ ಆಯ್ತು ಅಂತ ನಾವು ಸುಮ್ನೆ ಆಗ್ತೀವಿ ಅಲ್ವಾ? ಜೀವನಚಕ್ರ ಮೌಲ್ಯಮಾಪನ, ಅಂದರೆ ಒಂದು ವಸ್ತುವಿನಿಂದ ಮೊದಲಿಂದ ಕೊನೆಯವರೆಗೆ ಪರಿಸರಕ್ಕೆ ಬೀಳುವ ಹೊರೆಯ ಲೆಕ್ಕ, ಶುರುವಾಗೋದೇ ಅಲ್ಲಿ. ಕೊಳೆ ಹೋಯಿತೋ, ಜಾಗ ಬದಲಾಯಿಸಿತೋ ಅಂತ ಅದು ಕೇಳುತ್ತದೆ. ಸಿಒಡಿ ಅಂತ ಇನ್ನೊಂದು ಅಳತೆ ಇದೆ, ನೀರಿನ ಕೊಳೆಯನ್ನು ಜೀವಿಗಳ ಬದಲು ರಾಸಾಯನಿಕದಿಂದ ಕರಗಿಸಲು ಬೇಕಾದ ಆಮ್ಲಜನಕದ್ದು. ಗಾಳಿಯಿಲ್ಲದ ಗುಂಡಿಯಲ್ಲಿ 1 ಕೆ.ಜಿ. ಸಿಒಡಿ ಕರಗಿದರೆ ಸುಮಾರು 0.35 ಘನ ಮೀಟರ್, ತೂಕದಲ್ಲಿ ಕಾಲು ಕೆ.ಜಿ. ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಬಿಸಿ ಹೆಚ್ಚಿಸುತ್ತದೆ. ಕಾಲು ಕೆ.ಜಿ. ಅಂದರೆ ಹತ್ತಿರ ಹತ್ತಿರ 7 ಕೆ.ಜಿ.ಗೆ ಸಮ. ಹಳ್ಳ ಉಳಿಸಿದೆವು, ಗಾಳಿಗೆ ಬಿಟ್ಟೆವು. ಅದೇ ಗುಂಡಿಗೆ ಮುಚ್ಚಿಗೆ ಹಾಕಿ ಪೈಪ್ ಎಳೆದು ಆಳುಗಳ ಲೈನ್ ಮನೆಯ ಒಲೆಗೆ ಕೊಟ್ಟರೆ ಸೌದೆಯೂ ಉಳಿಯಿತು. ಇದೇ ಲೆಕ್ಕವನ್ನು ಗೊಬ್ಬರಕ್ಕೂ ಹಾಕಬಹುದು. ಐದು ಚೀಲ ಯೂರಿಯಾದಲ್ಲಿ ಸುಮಾರು 100 ಕೆ.ಜಿ. ಸಾರಜನಕ ಇರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹಾರಿದರೂ 400 ಕೆ.ಜಿ.ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಪಲ್ಪರ್ ಮನೆಯೊಂದನ್ನೇ ಬೈಯುತ್ತಿದ್ದ ನನಗೆ ಈ ಲೆಕ್ಕ ಹಾಕಿದ ಮೇಲೆ ಗೊಬ್ಬರದ ಶೆಡ್ಡೂ ಕಣ್ಣಿಗೆ ಬಿತ್ತು.

ಹಾಳಾದ ಮೇಲೆ ಸರಿಮಾಡುವ ವಿದ್ಯೆ ಎಲ್ಲಕ್ಕಿಂತ ಕಷ್ಟ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿಯ ಹೂಳು ಇನ್ನೂ ಅಲ್ಲೇ ಇದೆ. ಇಂಥ ಕೆಲಸಕ್ಕೆ ಓದಿದವರು ಬೇಕು.

ಓದಲು ಸುರತ್ಕಲ್‌ನ ಎನ್‌ಐಟಿ ಇದೆ, ಮೈಸೂರಿನ ಎಸ್‌ಜೆಸಿಇ ಇದೆ. ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಷಯಕ್ಕೇ ಪ್ರತ್ಯೇಕ ಪತ್ರಿಕೆ ಬಂದಿದೆ. ಜೀವನಚಕ್ರದ ಲೆಕ್ಕ ಹಾಕುವ ಓಪನ್‌ಎಲ್‌ಸಿಎ ಅನ್ನುವ ತಂತ್ರಾಂಶ ಉಚಿತ, ಈಗಲೇ ಹಾಕಿಕೊಳ್ಳಲಿ. ಆದರೆ ಸೀಟಿಗಿಂತ ಮೊದಲು ಈ ಸಲದ ಪಲ್ಪಿಂಗ್ ಅವಳ ಕೈಗೆ ಕೊಡಿ. ದಿನಾ ಎಷ್ಟು ಡ್ರಂ ನೀರು, ಎಷ್ಟು ಡೀಸೆಲ್, ಎಷ್ಟು ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಒಳಸಿಪ್ಪೆ ಇರುವ ಕಾಫಿ ಬೀಜ), ಗುಂಡಿಯ ಪಿಎಚ್ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆಯಲಿ. ಎಲ್ಲವನ್ನೂ ಕೊನೆಗೆ 1 ಕೆ.ಜಿ. ಪಾರ್ಚ್‌ಮೆಂಟಿಗೆ ಇಷ್ಟು ಅಂತ ಭಾಗಿಸಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಆ ನೋಟ್‌ಬುಕ್ ಹಿಡಿದು ಅಲ್ಲಿಗೂ ಒಂದು ದಿನ ಕರೆದುಕೊಂಡು ಬನ್ನಿ. ನಮ್ಮ ಗುಂಡಿಯನ್ನೂ ತೋರಿಸ್ತೀನಿ.

ಬಕೆಟ್ ಪರೀಕ್ಷೆ ಮಾಡಿದ ಮೇಲೆ ಎಷ್ಟು ಗ್ರಾಂ ಸುಣ್ಣ ಹಿಡಿಯಿತು, ಗುಂಡಿಯ ಉದ್ದ, ಅಗಲ, ಆಳ ಎಷ್ಟು ಅಂತ ಇಲ್ಲೇ ಹಾಕಿ. ಮುಂದಿನ ಲೆಕ್ಕ ಒಟ್ಟಿಗೆ ಮಾಡೋಣ.