ತೋಡಿಯ ಗಾಂಧಾರವನ್ನು ಹಾಳೆಗೆ ಇಳಿಸುವುದು

ಪ್ರಶ್ನೆ: ಮಗಳಿಗೆ 15 ವರ್ಷ, ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಆಗಿದೆ. ತೋಡಿ ರಾಗದಲ್ಲಿ ವಯಲಿನ್, ಕ್ಲಾರಿನೆಟ್, ಚೆಲೋಗೆಂದು ಕೀಬೋರ್ಡಿನಲ್ಲೇ ಒಂದು ರಚನೆ ಮಾಡಿದ್ದಾಳೆ. ಅಮೆರಿಕದ ಬೇಸಿಗೆ ಸಂಗೀತ ವಸತಿ ಶಿಬಿರಕ್ಕೆ ಅವಳನ್ನು ಕಳಿಸುವ ಆಸೆ. ಸ್ವರಲಿಪಿ ಹೇಗಿರಬೇಕು? (ಓದುಗರು, ದಾವಣಗೆರೆ)

ಉತ್ತರ: ಕೀಬೋರ್ಡಿನ ವಯಲಿನ್ ದನಿಯನ್ನು ನಂಬಬೇಡಿ. ಎಷ್ಟು ಕೆಳಗಿನ ಸ್ವರ ಒತ್ತಿದರೂ ಅದು ನುಡಿಯುತ್ತದೆ. ಶಿಬಿರದಲ್ಲಿ ನುಡಿಸುವವರು ಮನುಷ್ಯರು. ಅವರಿಗೆ ತೋಡಿಯ ಪರಿಚಯವಿರುವುದು ಅಪರೂಪ, ಕೈಯಲ್ಲಿರುವುದು ನಿಮ್ಮ ಮಗಳ ಹಾಳೆ ಮಾತ್ರ.

ನಡುವಣ ‘ಸಿ’ಯನ್ನು ಷಡ್ಜ (ಸ) ಎಂದು ಇಟ್ಟುಕೊಳ್ಳಿ. ವಯಲಿನ್ನಿನ ಕೆಳತಂತಿ ‘ಜಿ’, ಅಂದರೆ ಮಂದ್ರ (ಕೆಳಸ್ಥಾಯಿಯ) ಪಂಚಮ. ಅದರ ಕೆಳಗೆ ಸ್ವರವೇ ಇಲ್ಲ. ದೊಡ್ಡ ತಂತಿವಾದ್ಯವಾದ ಚೆಲೋ ಅನುಮಂದ್ರ (ಮಂದ್ರಕ್ಕೂ ಕೆಳಗಿನ ಸ್ಥಾಯಿಯ) ಷಡ್ಜದವರೆಗೂ ಇಳಿಯುತ್ತದೆ, ಕೆಳಗಿನದೆಲ್ಲ ಅದಕ್ಕೆ ಕೊಡಿ. ಬಿ-ಫ್ಲ್ಯಾಟ್ ಕ್ಲಾರಿನೆಟ್‌ಗೆ ‘ಸಿ’ ಬರೆದರೆ ಕೇಳುವುದು ‘ಬಿ-ಫ್ಲ್ಯಾಟ್’. ‘ಸಿ’ ಕೇಳಿಸಬೇಕಾದರೆ ‘ಡಿ’ ಬರೆಯಬೇಕು. ಉಚಿತವಾಗಿ ಸಿಗುವ ಸ್ವರಲಿಪಿ ತಂತ್ರಾಂಶ ಮ್ಯೂಸ್‌ಸ್ಕೋರ್ ಇದನ್ನು ತಾನೇ ಮಾಡುತ್ತದೆ, ಆದರೆ ಪಿಡಿಎಫ್ ತೆಗೆಯುವ ಮೊದಲು ‘ಕನ್ಸರ್ಟ್ ಪಿಚ್’ (ಕೇಳುವ ಸ್ವರವನ್ನೇ ಬರೆದು ತೋರಿಸುವ ಆಯ್ಕೆ) ಆಫ್ ಆಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕ್ಲಾರಿನೆಟ್ ಇಡೀ ರಚನೆಯುದ್ದಕ್ಕೂ ಒಂದು ಸ್ವರ ಕೆಳಗೆ ನುಡಿಯುತ್ತದೆ.

ನಿಜವಾದ ಕಷ್ಟ ಗಮಕದ್ದು, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದರದ್ದು. ತೋಡಿಯ ಸಾಧಾರಣ ಗಾಂಧಾರ ಹಾಳೆಯಲ್ಲಿ ‘ಇ-ಫ್ಲ್ಯಾಟ್’. ಅಷ್ಟೇ ಬರೆದರೆ ಅವರು ಗೆರೆ ಎಳೆದಂತೆ ನೇರವಾಗಿ ನುಡಿಸುತ್ತಾರೆ, ತೋಡಿ ಅಲ್ಲೇ ಸತ್ತಿತು. ಆ ಸ್ವರದ ಮೇಲೆ ಅಲೆಗೆರೆ ಎಳೆಯಿರಿ. ಮೊದಲ ಪುಟದಲ್ಲೇ ಹೀಗೆ ಸೂಚನೆ ಕೊಡಿ: ‘ಈ ಗುರುತಿದ್ದಲ್ಲಿ ಎಫ್ ಮತ್ತು ಡಿ-ಫ್ಲ್ಯಾಟ್ ನಡುವೆ ನಿಧಾನವಾಗಿ ಜಾರಿಸಿ’. ಜೊತೆಗೆ ಮಗಳೇ ಆ ಸಾಲನ್ನು ಹಾಡಿ ಧ್ವನಿಮುದ್ರಿಸಿ ಕಳಿಸಲಿ. ಲಿಪಿಯಲ್ಲಿ ಸಿಗದ್ದು ಕಿವಿಗೆ ಸಿಗುತ್ತದೆ. ಕ್ಲಾರಿನೆಟ್‌ನಲ್ಲಿ ಜಾರು ವಯಲಿನ್ನಿನಷ್ಟು ಸುಲಭವಲ್ಲ, ಉದ್ದ ಗಮಕಗಳನ್ನು ತಂತಿವಾದ್ಯಗಳಿಗೇ ಬಿಡುವುದು ಒಳ್ಳೆಯದು.

ತಾಳ ಖಂಡಛಾಪು (ಐದು ಎಣಿಕೆಯದು) ಇದ್ದರೆ 5/8 ಎಂದು ಬರೆದು, ಸ್ವರಗಳ ಕಟ್ಟು 2+3 ಕಾಣುವಂತೆ ಇಡಿ. 3+2 ಆಗಿ ಕಂಡರೆ ಒತ್ತು ತಪ್ಪಿ ಬೀಳುತ್ತದೆ. ಪ್ರತಿ ಸಾಲಿನ ಆರಂಭಕ್ಕೆ ಬಾರ್ (ಎರಡು ಅಡ್ಡಗೆರೆಗಳ ನಡುವಿನ ಭಾಗ) ಸಂಖ್ಯೆ ಬೇಕು, ಪ್ರತಿ ವಾದ್ಯಕ್ಕೂ ಬೇರೆ ಹಾಳೆ ಬೇಕು. ಪುಟ ತಿರುಗಿಸುವ ಜಾಗದಲ್ಲಿ ಎರಡು ಬಾರ್ ವಿರಾಮ ಇರಲಿ. ಮೂರು–ನಾಲ್ಕು ನಿಮಿಷದ ರಚನೆ ಸಾಕು.

ಪ್ರಶ್ನೆ: ಅಮೆರಿಕದ ಸಂಗೀತ ಶಿಬಿರಕ್ಕೆ ಏಪ್ರಿಲ್–ಮೇ ರಜೆಯಲ್ಲೇ ಹೋಗಿ ಬರಬಹುದೇ? (ಓದುಗರು, ಚಿತ್ರದುರ್ಗ)

ಉತ್ತರ: ಆಗುವುದಿಲ್ಲ. ಅವರ ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಶಾಲೆ ತೆರೆದಿರುತ್ತದೆ. ನ್ಯೂ ಹ್ಯಾಂಪ್‌ಶೈರ್‌ನ ಡಬ್ಲಿನ್‌ನಲ್ಲಿ ನಡೆಯುವ ವಾಲ್ಡನ್ ಸ್ಕೂಲ್ ಶಿಬಿರ 9ರಿಂದ 18 ವರ್ಷದವರಿಗೆ, ಐದು ವಾರ, ಜೂನ್ ಕೊನೆಯಿಂದ. ಅಂದರೆ ಸುಮಾರು 30 ತರಗತಿ ದಿನ ತಪ್ಪುತ್ತದೆ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಬೇಕು, ಹಾಗಾಗಿ ಒಂಬತ್ತನೇ ತರಗತಿಯೇ ಸೂಕ್ತ. ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ.

ನಮ್ಮ ಏಪ್ರಿಲ್ ರಜೆಯನ್ನು ಧ್ವನಿಮುದ್ರಣಕ್ಕೆ ಬಳಸಿ. ಬೆಳಗಿನ ಐದೂವರೆಗೆ, ಫ್ಯಾನ್ ಆರಿಸಿ, ದುರ್ಗದ ಗಾಳಿ ನುಗ್ಗದಂತೆ ಕಿಟಕಿ ಮುಚ್ಚಿ, ಫೋನನ್ನು ಒಂದು ಮೀಟರ್ ದೂರದಲ್ಲಿ ಬಟ್ಟೆಯ ಮೇಲಿಡಿ. ಬರಿಯ ಮೇಜಿನ ಮೇಲಿಟ್ಟರೆ ಅದರ ಕಂಪನವೂ ಸೇರಿಕೊಳ್ಳುತ್ತದೆ.