ಮೃಗಾಲಯದ ಪ್ರಾಣಿಯನ್ನು ದತ್ತು ಪಡೆಯುವುದು

ಪ್ರಶ್ನೆ: ಮಗಳ ಹುಟ್ಟುಹಬ್ಬದ ನೆನಪಿಗೆ ಮೈಸೂರು ಮೃಗಾಲಯದ ಪ್ರಾಣಿಯೊಂದನ್ನು ದತ್ತು ಪಡೆಯಬೇಕೆಂದಿದ್ದೇವೆ. ಇದರಿಂದ ಕಾಡಿನ ಪ್ರಾಣಿಗಳಿಗೂ ಪ್ರಯೋಜನವಿದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ನಿರ್ಧಾರ ಸಂತೋಷ ತಂದಿದೆ. ದತ್ತು ಎಂದರೆ ಪ್ರಾಣಿಯ ಒಡೆತನವಲ್ಲ. ನಿಗದಿತ ಅವಧಿಗೆ ಅದರ ಪಾಲನೆಯ ವೆಚ್ಚದಲ್ಲಿ ನೀವು ಪಾಲುದಾರರಾಗುತ್ತೀರಿ. ಹುಲಿಗೆ ಮಾಂಸ, ಆನೆಗೆ ಸೊಪ್ಪು ಮತ್ತು ಹುಲ್ಲು ಒದಗಿಸುವುದಷ್ಟೇ ಪಾಲನೆಯಲ್ಲ. ಕೋತಿಯು ಹುಡುಕಿ ತಿನ್ನುವಂತೆ ಹಣ್ಣನ್ನು ಕೊಂಬೆಗಳ ನಡುವೆ ಬಚ್ಚಿಡುವುದು, ಸಗಣಿಯನ್ನು ಪರೀಕ್ಷಿಸಿ ಜಂತುಹುಳುವಿಗೆ ಔಷಧ ಕೊಡುವುದು ಕೂಡ ಪಾಲನೆಯೇ. 2020ರಲ್ಲಿ ಕೋವಿಡ್‌ನಿಂದಾಗಿ ಬಾಗಿಲು ಮುಚ್ಚಿ ಟಿಕೆಟ್ ಹಣ ನಿಂತಾಗಲೂ ಇವುಗಳಲ್ಲಿ ಯಾವುದನ್ನೂ ನಿಲ್ಲಿಸುವಂತಿರಲಿಲ್ಲ. ದಾನಿಗಳ ಬೆಲೆ ತಿಳಿಯುವುದು ಅಂಥ ಹೊತ್ತಿನಲ್ಲೇ.

ಕಾಡಿಗೆ ಸಿಗುವ ಪ್ರಯೋಜನ ಬಹುಮಟ್ಟಿಗೆ ಪರೋಕ್ಷವಾದುದು. 1892ರಲ್ಲಿ ಆರಂಭವಾದ ಈ ಮೃಗಾಲಯಕ್ಕೆ ಸೇರಿದ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರದಲ್ಲಿ ಕಾಡಿಗೆ ಮರಳಲಾಗದ ಪ್ರಾಣಿಗಳು ಆಶ್ರಯ ಪಡೆದಿವೆ. ಆದರೆ ಸಿಂಗಳೀಕದಂಥ ಅಪರೂಪದ ಜೀವಿಗೆ ಪಶ್ಚಿಮ ಘಟ್ಟದ ಅಖಂಡ ಕಾಡೇ ಆಸರೆ. ಅದಕ್ಕೆ ಯಾವ ಮೃಗಾಲಯವೂ ಬದಲಿಯಾಗಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಗಳನ್ನು ಕರೆದೊಯ್ದಾಗ ಪ್ರಾಣಿಗಳಿಗೆ ತಿಂಡಿ ಎಸೆಯಬಾರದೆಂದು ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ದತ್ತು ಶುಲ್ಕವು ಪ್ರಾಣಿ ಮತ್ತು ಅವಧಿಗೆ ತಕ್ಕಂತೆ ಬೇರೆಯಾಗುವುದರಿಂದ ಮೃಗಾಲಯದ ಕಚೇರಿಯಲ್ಲೇ ವಿಚಾರಿಸಿರಿ.